ಬೆಲ್ಟು ಬಿಚ್ಚದ ಅತ್ತಿಗೆ

ನಮ್ಮ ಅತ್ತಿಗೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಕಂಡವರೆಲ್ಲ ಹೇಳುತ್ತಾರೆ. ಅದು ಸುಳ್ಳು. ಮೂಗಿನ ತುದಿಯಲ್ಲಿ ಸಿಟ್ಟಿರುವುದು ನನಗೆ. ಬರುತ್ತದೆ, ನಾಲ್ಕು ಜನರನ್ನು ಬೈಯುತ್ತದೆ, ಹೋಗುತ್ತದೆ. ಅತ್ತಿಗೆಯ ಸಿಟ್ಟು ತಡವಾಗಿ ಬರುತ್ತದೆ, ಬಂದಮೇಲೆ ಹೋಗುವುದಿಲ್ಲ. ಮೂಲೆ ಹಿಡಿದು ಕೂತು ಕೆಲಸ ಮಾಡುತ್ತದೆ.

ಅವಳು ನನ್ನ ಅಣ್ಣನ ಹೆಂಡತಿ. ಅಣ್ಣ, ಅತ್ತಿಗೆ, ನಾನು ಮೂವರೂ ಒಂದೇ ಗೋದಾಮಿನಲ್ಲಿ ದುಡಿಯುತ್ತೇವೆ. ಹಳೆ ಬಟ್ಟೆಯ ಗೋದಾಮು. ಯಾರೋ ಉಟ್ಟು ಬಿಟ್ಟ ಬಟ್ಟೆಗಳು ಆಳೆತ್ತರದ ಮೂಟೆಗಳಾಗಿ ಲಾರಿಯಲ್ಲಿ ಬರುತ್ತವೆ. ಬಟ್ಟೆಯ ಮೇಲೆ ಗೋಣಿ, ಗೋಣಿಯ ಮೇಲೆ ಹಗ್ಗ, ಹಗ್ಗದ ಮೇಲೆ ಪ್ಲಾಸ್ಟಿಕ್ ಪಟ್ಟಿ. ಮುಂಬಾಗಿಲ ಹತ್ತಿರ, ದೊಡ್ಡ ಕಿಟಕಿಯ ಕೆಳಗೆ, ಕೊಯ್ಯುವ ಮೇಜು. ಅಲ್ಲಿ ಚಾಕು ಹಿಡಿದವರು ಮೂಟೆ ಸೀಳಿ, ಬಟ್ಟೆ ಬೇರ್ಪಡಿಸಿ ಹಿಂದಕ್ಕೆ ತಳ್ಳುತ್ತಾರೆ. ಹಿಂದೆ ತಗಡಿನ ಸೂರಿನ ಕೆಳಗೆ ಲೇಬಲ್ ವಿಭಾಗ. ಅಲ್ಲಿ ನಾವು ಹೆಂಗಸರು ಸಾಲಾಗಿ ಕೂತು ಬಟ್ಟೆಗೆ ಚೀಟಿ ಅಂಟಿಸುತ್ತೇವೆ. ಮೇಜಿನವರಿಗೆ ಕೂಲಿ ಹೆಚ್ಚು, ಗಾಳಿ ಹೆಚ್ಚು, ಮಾತಿಗೆ ಬೆಲೆಯೂ ಹೆಚ್ಚು. ನಮಗೆ ಗೋಂದಿನ ವಾಸನೆ.

ಅಣ್ಣ ಮೇಜಿನವನು. ಆ ಮೇಜಿನಲ್ಲಿದ್ದ ಒಬ್ಬಳೇ ಹೆಂಗಸು ಅತ್ತಿಗೆ. ಯಾರೂ ಆರತಿ ಎತ್ತಿ ಕರೆದದ್ದಲ್ಲ. ಹಿಂದೊಮ್ಮೆ ಮೇಜಿನವನೊಬ್ಬ ಜ್ವರ ಬಂದು ಮಲಗಿದ್ದ, ಬಾಗಿಲಲ್ಲಿ ಲಾರಿ ನಿಂತಿತ್ತು, ಇವಳು ಲೇಬಲ್ಲು ಬಿಟ್ಟು ಎದ್ದು ಹೋಗಿ ಅವನ ಚಾಕು ತೆಗೆದುಕೊಂಡಳು. ಅವಳಪ್ಪ ಚರ್ಮದ ಚೀಲ ಹೊಲಿಯುವವನು. ಚಾಕು, ಸುತ್ತಿಗೆ, ದಬ್ಬಳದ ನಡುವೆಯೇ ಅಂಬೆಗಾಲಿಟ್ಟವಳು. ಗೋಣಿಯ ಮೇಲೆ ಚಾಕು ಇಟ್ಟು ಎಳೆದರೆ ಹೊಲಿಗೆ ಮಾತ್ರ ಬಿಚ್ಚಿಕೊಳ್ಳುತ್ತದೆ, ಒಳಗಿನ ಕೋಟಿಗೆ ಗೀರೂ ಬೀಳುವುದಿಲ್ಲ. ಜ್ವರದವನು ವಾಪಸು ಬಂದು ಇನ್ನೊಂದು ಮೂಲೆಯಲ್ಲಿ ನಿಂತ. ಇವಳು ಎದ್ದು ಬರಲಿಲ್ಲ. ಹೀಗೆ ವರ್ಷಗಳೇ ಕಳೆದವು.

ಈಗ ಚಾಕುವಿನ ನಿಯಮ ಹೇಳಬೇಕು, ಇಲ್ಲದಿದ್ದರೆ ಮುಂದಿನ ಜಗಳ ತಲೆಗೆ ಹತ್ತುವುದಿಲ್ಲ. ಚಾಕು ಇರುವುದು ಚರ್ಮದ ಒರೆಯಲ್ಲಿ, ಒರೆ ಇರುವುದು ಸೊಂಟದ ಬೆಲ್ಟಿನಲ್ಲಿ. ಊಟದ ಕೋಣೆಗೆ, ಬಚ್ಚಲಿಗೆ, ಗೇಟಿನಾಚೆಗೆ ಚಾಕು ಒಯ್ಯುವಂತಿಲ್ಲ. ಒರೆಯಿಂದ ಎಳೆದು ಬರೀ ಚಾಕು ಇಟ್ಟುಹೋಗುವಂತೆಯೂ ಇಲ್ಲ. ಯಾರೋ ಹಾಗೆ ಇಟ್ಟು ಇನ್ಯಾರೋ ಅಂಗೈ ಕೊಯ್ದುಕೊಂಡಿದ್ದರು. ಒರೆ ಸಮೇತ ಕಳಚಿ ಬಾಗಿಲ ಪಕ್ಕದ ಹಲಗೆಯ ಮೊಳೆಗೆ ನೇತುಹಾಕಬೇಕು. ನಿಯಮವೇನೋ ಒಳ್ಳೆಯದೇ. ಆದರೆ ಗೋದಾಮು ಕೊಟ್ಟ ಒರೆಯ ಹಿಂದೆ ಇದ್ದದ್ದು ರಿವೆಟ್ ಹೊಡೆದು ಕೂರಿಸಿದ ಕುಣಿಕೆ. ಬೆಲ್ಟು ಅದರೊಳಗೆ ತೂರಿರುತ್ತದೆ. ಒರೆ ಈಚೆ ಬರಬೇಕೆಂದರೆ ಬೆಲ್ಟು ಬಿಚ್ಚಿ ಅರ್ಧಕ್ಕೆ ಎಳೆಯಬೇಕು. ಊಟದ ಗಂಟೆ ಹೊಡೆದರೆ ಗಂಡಸರೆಲ್ಲ ಗೋಡೆಗೆ ಮುಖ ಮಾಡಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬೆಲ್ಟಿನ ಜೊತೆ ಕುಸ್ತಿ ಆಡುತ್ತಿದ್ದರು. ಸಮವಸ್ತ್ರ ಹೊಲಿಸಿದ್ದು ಗಂಡಸರ ಅಳತೆಗೆ. ಅತ್ತಿಗೆಯ ಪ್ಯಾಂಟು ಸೊಂಟದಲ್ಲಿ ನಿಂತದ್ದೇ ಬೆಲ್ಟಿನಿಂದ. ಅವಳು ಮೂಟೆಗಳ ಮರೆಗೆ ಹೋಗಿ ಕಳಚಿ ಬರುತ್ತಿದ್ದಳು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಸೀಟಿಯಿಂದ. ಸೀಟಿ ಎಂದರೆ ನಮ್ಮ ಮೇಲ್ವಿಚಾರಕ. ಬಾಯಿಂದ ಮಾತು ಹೊರಡುವ ಮೊದಲು ಸೀಟಿ ಊದುತ್ತಾನೆ, ಅದಕ್ಕೇ ಆ ಹೆಸರು. ಅವನ ಹೆಂಡತಿಯ ತಮ್ಮ ಮನೆಯಲ್ಲಿ ಕೂತು ಗಡ್ಡ ಬೆಳೆಸುತ್ತಿದ್ದ. ಭಾಮೈದನಿಗೆ ಮೇಜಿನಲ್ಲಿ ಒಂದು ಜಾಗ ಬೇಕಾಗಿತ್ತು. ಯಾರನ್ನು ಎಬ್ಬಿಸಿದರೆ ಸದ್ದಾಗುವುದಿಲ್ಲ ಎಂದು ನೋಡಿದ, ಕಣ್ಣಿಗೆ ಬಿದ್ದವಳು ಅತ್ತಿಗೆ. ಪುಣ್ಯಾತ್ಮನ ಲೆಕ್ಕ ತಪ್ಪಿದ್ದೇ ಅಲ್ಲಿ.

ಒಂದು ಬೆಳಗ್ಗೆ ಹಾಜರಿ ಹೊತ್ತಿಗೆ ಸೀಟಿ ಊದಿ ಹೇಳಿದ: "ಇನ್ಮೇಲೆ ಯಾರೂ ಮೂಟೆ ಹಿಂದೆ ಹೋಗೋ ಹಾಗಿಲ್ಲ. ಎಲ್ರೂ ಹಲಗೆ ಮುಂದೇನೇ ಬಿಚ್ಚಿ ಇಡ್ಬೇಕು, ನನ್ನ ಕಣ್ಮುಂದೆ."

"ನಾನೂನಾ ಸಾರ್?" ಎಂದು ಅತ್ತಿಗೆ ಕೇಳಿದಳು.

"ನೀನೇನಮ್ಮ, ಮೇಲಿಂದ ಇಳಿದು ಬಂದಿದ್ದೀಯಾ? ನಾಚಿಕೆ ಆಗೋ ಹಾಗಿದ್ರೆ ಲೇಬಲ್ ಕಡೆ ಹೋಗು. ಅಲ್ಲಿ ಚಾಕೂ ಇಲ್ಲ, ಬೆಲ್ಟೂ ಇಲ್ಲ."

ಕೆಲವರು ನಕ್ಕರು. ಅಣ್ಣ ನಗಲಿಲ್ಲ, ಅದು ಅವನ ದೊಡ್ಡತನ. ಮಾತೂ ಆಡಲಿಲ್ಲ. ಆ ದಿನ ಅತ್ತಿಗೆ ಊಟಕ್ಕೆ ಹೋಗಲಿಲ್ಲ, ನೀರು ಕುಡಿಯಲಿಲ್ಲ, ಬಚ್ಚಲ ಕಡೆ ತಲೆ ಹಾಕಲಿಲ್ಲ. ಸಂಜೆ ಎಲ್ಲರೂ ಹೊರಟುಹೋಗುವ ತನಕ ಒರೆಸಿದ ಮೇಜನ್ನೇ ಒರೆಸುತ್ತಾ ನಿಂತಿದ್ದಳು. ಅವಳಿಗಾಗಿ ಗೇಟಿನ ಹತ್ತಿರ ಕಾಯುತ್ತಾ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲಿ ಅಣ್ಣ ಸಮಾಧಾನ ಹೇಳಿದ: "ಹೋಗ್ಲಿ ಬಿಡೇ. ಲೇಬಲ್ ಕೆಲ್ಸ ಏನು ಕೆಲ್ಸ ಅಲ್ವಾ? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

ಆ ಗಾದೆ ನಿಜವಾದರೆ ಅಣ್ಣ ಪ್ರಳಯ ನೋಡಿಯೇ ಸಾಯುತ್ತಾನೆ. ಹುಟ್ಟಿದಾಗಿನಿಂದ ದೊಣ್ಣೆ ತಪ್ಪಿಸಿಕೊಂಡೇ ಬಂದವನು.

"ದೊಣ್ಣೆ ಬೀಸಿದ್ದು ನನ್ನ ಮೇಲೆ ರೀ, ನಿಮ್ಮ ಮೇಲಲ್ಲ," ಎಂದಳು ಅತ್ತಿಗೆ. "ನಾನು ಬೆಲ್ಟೂ ಬಿಚ್ಚಲ್ಲ, ಮೇಜೂ ಬಿಡಲ್ಲ."

ಮರುದಿನ ರಜೆ. ನನ್ನನ್ನೂ ಎಳೆದುಕೊಂಡು ಪೇಟೆಗೆ ಹೋದಳು. ಅವಳಪ್ಪ ಚೀಲಕ್ಕೆ ಬೇಕಾದ ಬಳೆ, ಬಕಲು, ಗುಂಡಿಗಳನ್ನು ತರುತ್ತಿದ್ದ ಅಂಗಡಿ ಅದು. ಗೋಡೆಯುದ್ದಕ್ಕೂ ಬೆಂಕಿಪೊಟ್ಟಣದಂಥ ಸಣ್ಣ ಸಣ್ಣ ಡ್ರಾಯರುಗಳು. ಅಂಗಡಿಯ ಮುದುಕರು ಅವಳನ್ನು ಗುರುತು ಹಿಡಿದು, "ಬಾ ಮಗಳೇ, ಏನು ಬೇಕು?" ಎಂದರು.

"ಬೆಲ್ಟು ಬಿಚ್ಚದೆ ಒರೆ ಕಳಚೋ ಹಾಗಿರ್ಬೇಕು. ಥಟ್ ಅಂತ ಬಿಚ್ಬೇಕು."

ನಾನು ವೆಲ್ಕ್ರೋ ತೋರಿಸಿದೆ. "ಪರ್ರ್ ಅಂದ್ರೆ ಬಂತು, ಒತ್ತಿದ್ರೆ ಕೂತ್ಕೊಳ್ತು, ಇದನ್ನೇ ತಗೋ ಅತ್ತಿಗೆ" ಎಂದೆ. ಅವಳು ನನ್ನ ತೋಳಿನಿಂದ ಒಂದು ನೂಲಿನ ಚೂರು ಕಿತ್ತು ಅದರ ಮೇಲೆ ಒತ್ತಿದಳು. ಅದು ಬಿಡಲಿಲ್ಲ. ನಮ್ಮ ಗೋದಾಮಿನಲ್ಲಿ ಗಾಳಿಯಲ್ಲೂ ನೂಲು ಹಾರಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ವೆಲ್ಕ್ರೋ ಬೆಕ್ಕಿನ ಬಾಲವಾಗುತ್ತಿತ್ತು. ಮುದುಕರು ಸ್ಟೀಲಿನ ಕ್ಲಿಪ್ಪು ತೆಗೆದರು. ಬೆಲ್ಟಿನ ಮೇಲಿಂದ ಸಿಕ್ಕಿಸುವಂಥದು. ಅತ್ತಿಗೆ ಸಿಕ್ಕಿಸಿಕೊಂಡು ಚಾಕು ಎಳೆಯುವಂತೆ ಕೈ ಎತ್ತಿದಳು, ಕ್ಲಿಪ್ಪೂ ಕೈ ಜೊತೆಯೇ ಎದ್ದು ಬಂತು.

ಆಮೇಲೆ ಜೋಡಿ ತಿರುಪು ಬಂತು. ಒಂದು ಮೊಳೆಯಂಥದು, ಇನ್ನೊಂದು ಕೊಳವೆಯಂಥದು, ನಡುವೆ ಚರ್ಮ ಇಟ್ಟು ತಿರುಗಿಸಿದರೆ ರಿವೆಟ್ಟಿನ ಹಾಗೆ ಕೂರುತ್ತದೆ. ಬಿಚ್ಚುವುದಕ್ಕೆ ಒಂದು ನಾಣ್ಯ ಸಾಕು.

"ಇದು ಗಂಡು, ಇದು ಹೆಣ್ಣು," ಎಂದರು ಮುದುಕರು. "ಗಂಡು ಸಡಿಲ ಆದ್ರೆ ಮಾತ್ರ ಕಷ್ಟ."

"ಗೊತ್ತು," ಎಂದಳು ಅತ್ತಿಗೆ. ನಾನು ಡ್ರಾಯರುಗಳನ್ನು ನೋಡುತ್ತಾ ನಗು ನುಂಗಿದೆ.

ತಿರುಪು ಗಟ್ಟಿಯೇ, ಆದರೆ ಊಟದ ಗಂಟೆ ಹೊಡೆದಾಗ ನಾಣ್ಯ ಹುಡುಕುತ್ತಾ ನಿಲ್ಲುವುದಕ್ಕಾಗುತ್ತದೆಯೇ? ಕೊನೆಗೆ ಅವಳು ಆರಿಸಿದ್ದು ಟಿಚ್ ಬಟನ್ನು. ಎಲ್ಲರಿಗೂ ಗೊತ್ತಿರುವುದೇ, ಒತ್ತಿದರೆ ಟಿಚ್, ಎಳೆದರೆ ಟಿಚ್. ಹಿಂದಿನ ಸಂಜೆಯೇ ಚಾಕುವನ್ನು ಗೋಣಿಯಲ್ಲಿ ಸುತ್ತಿ ಮೊಳೆಗೆ ಕಟ್ಟಿ, ಒರೆ ಮಾತ್ರ ತಂದಿದ್ದಳು. ಮನೆಗೆ ಬಂದು ಅದರ ಹಿಂದಿನ ರಿವೆಟ್ಟು ಕಿತ್ತು, ಅಗಲ ಪಟ್ಟಿಯೊಂದನ್ನು ಒರೆಗೆ ಹೊಲಿದಳು. ಪಟ್ಟಿ ಬೆಲ್ಟಿನ ಹಿಂದಿನಿಂದ ಮೇಲೇರಿ, ಬೆಲ್ಟನ್ನು ಬಳಸಿ, ಮುಂದೆ ಇಳಿದು ಎರಡು ಬಟನ್ನಿನಲ್ಲಿ ಕೂರಬೇಕು. ಅಷ್ಟೇ.

ಮರುದಿನ ಊಟದ ಗಂಟೆಗೆ ಹಲಗೆಯ ಮುಂದೆ, ಸೀಟಿಯ ಕಣ್ಮುಂದೆಯೇ, ಟಿಚ್ ಟಿಚ್ ಎಂದು ಒರೆ ಕೈಗೆ ಬಂತು. ಬೆಲ್ಟು ಇದ್ದಲ್ಲೇ ಇತ್ತು. ಗೋಡೆಯ ಕಡೆ ತಿರುಗಿ ನಿಂತವರು ಕತ್ತು ಹೊರಳಿಸಿ ನೋಡಿದರು. ಅತ್ತಿಗೆ ಮೊಳೆಗೆ ಒರೆ ಸಿಕ್ಕಿಸಿ, ಮಹಾರಾಣಿಯ ಹಾಗೆ ನಡೆದು ಬಂದು ನನ್ನ ಪಕ್ಕ ಕೂತು ಉಂಡಳು. ಅಷ್ಟು ರುಚಿಯಾಗಿ ಅವಳು ಉಂಡದ್ದನ್ನು ನಾನು ನೋಡಿರಲಿಲ್ಲ.

ಆ ಸುಖ ಬಹಳ ದಿನ ಬಾಳಲಿಲ್ಲ. ಒಂದು ಒದ್ದೆ ಮೂಟೆ ಬಂತು, ಭಾರವಾದದ್ದು. ಅದನ್ನು ಸೊಂಟ ಕೊಟ್ಟು ಎತ್ತುವಾಗ ಗೋಣಿಯ ಅಂಚು ಕೆಳಗಿನಿಂದ ಮೇಲಕ್ಕೆ ಉಜ್ಜಿತು. ಟಿಚ್ ಟಿಚ್. ಒರೆ ಚಾಕು ಸಮೇತ ನೆಲಕ್ಕೆ ಬಿತ್ತು, ಅದೂ ಸೀಟಿಯ ಬೂಟಿನ ಪಕ್ಕ.

ಮೇಜಿನಲ್ಲಿ ಇನ್ನೊಂದು ನಿಯಮವಿತ್ತು. ಚಾಕು ಬೀಳಿಸಿದವರು ಮೇಜು ಬಿಡಬೇಕು. ಅತ್ತಿಗೆ ಒರೆ ಎತ್ತಿಕೊಂಡು ಹೇಳಿದಳು: "ಚಾಕು ಒರೆಯೊಳಗೇ ಇದೆ ಸಾರ್. ಬಿದ್ದಿದ್ದು ಒರೆ. ಬಟನ್ ಸರಿ ಇಲ್ಲ, ಬದಲಾಯಿಸ್ತೀನಿ."

"ಬಿದ್ದದ್ದು ಬಿದ್ದದ್ದೇ," ಎಂದ ಸೀಟಿ. ಕುಣಿಯುವುದೊಂದು ಬಾಕಿ. "ಲೇಬಲ್ಲು."

ಮೇಜಿನ ಸುತ್ತ ಅಷ್ಟು ಗಂಡಸರಿದ್ದರು. ಕನ್ನಡಕದ ತಾತ ಇದ್ದ, ಆ ಗೋದಾಮಿನ ಬಾಗಿಲಿಗಿಂತ ಹಳಬ. ಗುಡಾಣ ಇದ್ದ, ಮೂಟೆಯನ್ನು ಮಗುವಿನ ಹಾಗೆ ಎತ್ತುವವನು, ಹೊಟ್ಟೆಯಿಂದಲೇ ಹೆಸರು ಪಡೆದವನು. ಯಾರೂ ತುಟಿ ಎರಡು ಮಾಡಲಿಲ್ಲ. ಅಣ್ಣ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಮರುದಿನ ಬೆಳಗ್ಗೆ ಭಾಮೈದ ಗಡ್ಡ ಬೋಳಿಸಿಕೊಂಡು ಅತ್ತಿಗೆಯ ಜಾಗದಲ್ಲಿ ನಿಂತಿದ್ದ.

ಲೇಬಲ್ ಸಾಲಿನವರು, "ಅಂತೂ ನಮ್ಮ ಕಡೆ ಬಂದ್ಯಲ್ಲ, ಬಾರಮ್ಮ" ಎಂದು ಪ್ರೀತಿಯಿಂದಲೇ ಸರಿದು ಜಾಗ ಮಾಡಿಕೊಟ್ಟರು.

"ಜಾಸ್ತಿ ಸರೀಬೇಡಿ. ನಾನು ಉಳಿಯೋಳಲ್ಲ," ಎಂದಳು ಅತ್ತಿಗೆ. ನೆಟ್ಟಗೆ ಚೀಟಿ ಅಂಟಿಸುತ್ತಾ ಕೂತಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ತಪ್ಪು ನಂದೇ ಕಣೇ. ನನ್ನ ಬೆರಳಿಗೆ ಸುಲಭ ಆಗಿರೋದನ್ನ ಆರಿಸ್ದೆ. ಬೆರಳಿಗೆ ಸುಲಭ ಆದದ್ದು ಮೂಟೆಗೂ ಸುಲಭ," ಎಂದಳು. ಸೀಟಿಯ ತಪ್ಪು ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. "ಅದು ಬೇರೆ. ಮೊದ್ಲು ನಂದು ಸರಿ ಮಾಡ್ಕೋತೀನಿ, ಆಮೇಲೆ ಅವಂದು."

ಮತ್ತೆ ಅದೇ ಅಂಗಡಿ. ಅವಳು ನಡೆದದ್ದನ್ನು ಹೇಳಿದಳು. ಮುದುಕರು ಮೇಲಿನ ಸಾಲಿನ ಒಂದು ಡ್ರಾಯರು ಎಳೆದು ಬೇರೆ ಥರದ ಬಟನ್ನು ತೆಗೆದರು. ನೋಡುವುದಕ್ಕೆ ಟಿಚ್ ಬಟನ್ನಿನ ಹಾಗೇ ಇದೆ, ತಲೆಯ ಅಂಚಿನಲ್ಲಿ ಒಂದು ಚುಕ್ಕಿ ಹೆಚ್ಚು. ಆ ಚುಕ್ಕಿಯ ಕಡೆಯಿಂದ ಎತ್ತಿದರೆ ಮಾತ್ರ ಬಿಡುತ್ತದೆ. ಬೇರೆ ಯಾವ ಕಡೆಯಿಂದ ಎಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಲಾರಿಯ ಟಾರ್ಪಾಲಿಗೆ ಹಾಕುವಂಥದು, ಗಾಳಿಗೆ ಬಿಡಬಾರದಲ್ಲ.

"ಇದನ್ನ ಮೊದ್ಲೇ ಯಾಕೆ ಕೊಡ್ಲಿಲ್ಲ?" ಎಂದು ನಾನು ಜಗಳಕ್ಕೆ ನಿಂತೆ.

"ಇವಳು ಬೇಗ ಬಿಚ್ಚೋದು ಕೇಳಿದ್ಳು. ಬಿಚ್ಚದೇ ಇರೋದು ಕೇಳ್ಲಿಲ್ಲ," ಎಂದರು ಮುದುಕರು.

ಈ ಸಲ ಅತ್ತಿಗೆ ಜೋಡಿ ತಿರುಪನ್ನೂ ತೆಗೆದುಕೊಂಡಳು. ಪಟ್ಟಿಯನ್ನು ಒರೆಗೆ ಹೊಲಿಯುವುದಿಲ್ಲ, ತಿರುಪಿನಲ್ಲಿ ಕೂರಿಸುತ್ತೇನೆ. ಬಟನ್ನು ಕೈಕೊಟ್ಟರೆ ಪಟ್ಟಿ ಮಾತ್ರ ಬದಲಿಸಿದರಾಯಿತು, ಒರೆ ಹಾಳಾಗುವುದಿಲ್ಲ ಎಂದಳು. ಅಡುಗೆಮನೆಯ ನೆಲದಲ್ಲಿ ಹಲಗೆ ಇಟ್ಟುಕೊಂಡು ತೂತು ಹೊಡೆದಳು, ಬಟನ್ನು ಬಡಿದಳು. ಬೆಲ್ಟು ಕಟ್ಟಿಕೊಂಡಳು. ಚಾಕು ಮೊದಲಿನ ಹಾಗೆ ಗೋಣಿ ಸುತ್ತಿಕೊಂಡು ಹಲಗೆಯ ಮೊಳೆಯಲ್ಲೇ ಉಳಿದಿತ್ತು, ಅದರ ಬದಲಿಗೆ ಅಮ್ಮನ ಮರದ ಸಟ್ಟುಗವನ್ನು ಒರೆಗೆ ತುರುಕಿದಳು.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ಸಂಸಾರವಲ್ಲ, ಪರೀಕ್ಷೆ. ಬೆಲ್ಟು ಕಟ್ಟಿಕೊಂಡೇ ಪಾತ್ರೆ ತಿಕ್ಕಿದಳು, ಅಟ್ಟ ಹತ್ತಿದಳು, ನೀರಿನ ಕೊಡ ಸೊಂಟಕ್ಕಿಟ್ಟು ತಂದಳು, ಬಾಗಿಲ ಚೌಕಟ್ಟಿಗೆ ಉಜ್ಜಿಕೊಂಡು ಓಡಾಡಿದಳು.

"ನನ್ನ ಸಟ್ಟುಗ ಕೊಡೇ ತಾಯಿ, ಒಲೆ ಮೇಲಿರೋದು ತಳ ಹಿಡೀತಿದೆ," ಎಂದು ಅಮ್ಮ ಕೂಗಿದರು.

"ಕಿತ್ಕೊಳ್ಳಿ ಅತ್ತೆ, ಒರೆ ಸಮೇತ ಬಂದ್ರೆ ನಿಮ್ಗೇ," ಎಂದಳು ಇವಳು. ಅಮ್ಮನೂ ಬಿಡುವವರಲ್ಲ, ಎಳೆದೇ ಎಳೆದರು. ಒರೆ ಬರಲಿಲ್ಲ. ಆದರೆ ಅತ್ತಿಗೆ ನೆಲ ಒರೆಸುವುದಕ್ಕೆ ಕುಕ್ಕರುಗಾಲಿನಲ್ಲಿ ಕೂತದ್ದೇ ತಡ, ಬಟನ್ನು ಬಿಟ್ಟು ಸಟ್ಟುಗ ಬಕೆಟ್ಟಿನೊಳಗೆ ಬಿತ್ತು.

ಅವಳು ಬಹಳ ಹೊತ್ತು ಆ ಬಟನ್ನನ್ನೇ ನೋಡಿದಳು. ಚುಕ್ಕಿ ಕೆಳಮುಖವಾಗಿತ್ತು. ಚೀಲ ಹೊಲಿಯುವವರ ಕೈಗೆ ಕೂತ ಅಭ್ಯಾಸ ಅದು. ಚೀಲದ ಬಾಯಿಯನ್ನು ಕೆಳಗಿನಿಂದ ತಾನೇ ಎತ್ತುವುದು? ಕೂತಾಗ ತೊಡೆ ಕೆಳಗಿನಿಂದ ತಳ್ಳಿತ್ತು, ಬಟನ್ನು ಅದನ್ನು ಬೆರಳೆಂದುಕೊಂಡಿತ್ತು. ಅತ್ತಿಗೆ ನಾಣ್ಯ ತೆಗೆದುಕೊಂಡು ತಿರುಪು ಬಿಚ್ಚಿದಳು, ಪಟ್ಟಿ ಎಸೆದು ಹೊಸದು ಕತ್ತರಿಸಿ, ಚುಕ್ಕಿ ಬೆನ್ನಿನ ಕಡೆ ಬರುವಂತೆ ಬಡಿದಳು. ಮೂಟೆ ಉಜ್ಜುವುದು ಮುಂದಿನಿಂದ, ತೊಡೆ ತಳ್ಳುವುದು ಕೆಳಗಿನಿಂದ. ಬೆನ್ನಿನ ಕಡೆ ಹೋಗುವುದು ಅವಳ ಹೆಬ್ಬೆರಳೊಂದೇ. ಕೆಲವು ದಿನ ಕಳೆದ ಮೇಲೆ ತಿರುಪು ಸಡಿಲವಾಯಿತು. ಹೊಸ ಚರ್ಮ ಒತ್ತಿ ಕೂರುತ್ತದೆ, ಹಾಗಾಗುವುದೇ ಎಂದು ಇನ್ನೊಮ್ಮೆ ಬಿಗಿ ಮಾಡಿ, ನನ್ನ ಕೆಂಪು ಉಗುರುಬಣ್ಣ ಕೇಳದೆಯೇ ತೆಗೆದುಕೊಂಡು ತಿರುಪಿನ ಸುತ್ತಿನೊಳಗೆ ಒಂದು ತೊಟ್ಟು ಬಿಟ್ಟಳು. ಆಮೇಲೆ ಅದು ಅಲ್ಲಾಡಲಿಲ್ಲ.

ಮುಂದಿನ ಬೆಳಗ್ಗೆ ಹಾಜರಿ ಹೊತ್ತಿಗೆ ಅವಳು ಲೇಬಲ್ ಸಾಲಿನಿಂದ ಎದ್ದು ಮುಂದೆ ಹೋಗಿ ನಿಂತಳು. ಸೊಂಟದಲ್ಲಿ ಒರೆ, ಒರೆಯಲ್ಲಿ ಸಟ್ಟುಗ.

"ಸಾರ್, ಬಟನ್ ಬದಲಾಯಿಸಿದ್ದೀನಿ. ಬೀಳ್ಸಿ ನೋಡಿ. ಬಿದ್ರೆ ಮತ್ತೆ ಮೇಜಿನ ಸುದ್ದಿ ಎತ್ತಲ್ಲ."

ಎಲ್ಲರೂ ನೋಡುತ್ತಿದ್ದರು. ಸೀಟಿ ಗುಡಾಣನಿಗೆ ಕಣ್ಣು ಹೊಡೆದ. ಗುಡಾಣ ಬಂದು ಒರೆ ಹಿಡಿದು ಎಳೆದ. ಅತ್ತಿಗೆ ಮೇಜಿನವರೆಗೆ ಜರುಗಿದಳು, ಒರೆ ಜರುಗಲಿಲ್ಲ. ಕೆಳಗಿನಿಂದ ಎತ್ತಿದ, ಪಕ್ಕಕ್ಕೆ ತಿರುಚಿದ, ಮೂಟೆಯೊಂದನ್ನು ತಂದು ಉಜ್ಜಿಸಿದ. ಅವನ ಹಣೆಯಲ್ಲಿ ಬೆವರು ಬಂತು. ಆಗ ಅತ್ತಿಗೆ ಹೆಬ್ಬೆರಳು ಹಿಂದೆ ಹಾಕಿದಳು, ಟಿಕ್ ಎಂದಿತು, ಒರೆ ಅವಳ ಅಂಗೈಯಲ್ಲಿತ್ತು. ಹೋಗಿ ಹಲಗೆಯ ಮೊಳೆಗೆ ನೇತುಹಾಕಿದಳು. ಸಟ್ಟುಗ ನೋಡಿ ಯಾರೋ ಕಿಸಕ್ಕೆಂದರು, ಆದರೆ ಆ ನಗುವಿನಲ್ಲಿ ಅಣಕವಿರಲಿಲ್ಲ.

ಸೀಟಿ ಹಲಗೆಯ ಕಡೆ ನೋಡಿದ, ಭಾಮೈದನ ಕಡೆ ನೋಡಿದ. "ಅದೆಲ್ಲ ಸರಿ. ಒಂದ್ಸಲ ಬಿದ್ದದ್ದು ಬಿದ್ದದ್ದೇ. ನಿಯಮ ನಿಯಮ," ಎಂದು ಊದಿಬಿಟ್ಟ.

ಅಂದರೆ ಸರಿಯಾದ ಬಟನ್ನು ಸಿಕ್ಕಿತು, ಜಾಗ ಸಿಗಲಿಲ್ಲ. ಆ ದಿನ ನಾನು ಅಳುವಷ್ಟಾಗಿದ್ದೆ. ಅತ್ತಿಗೆ ಚೀಟಿ ಅಂಟಿಸಿದಳು.

ಎರಡು ಮೂರು ದಿನಗಳಲ್ಲಿ ಗುಡಾಣ ಗೋಂದಿನ ಡಬ್ಬ ಕೇಳುವ ನೆಪದಲ್ಲಿ ನಮ್ಮ ಸೂರಿನ ಕೆಳಗೆ ಬಂದ. "ಅಕ್ಕ, ನಂಗೂ ಅಂಥದೊಂದು ಮಾಡ್ಕೊಡ್ತೀಯಾ?"

"ಯಾಕೆ?"

"ಯಾಕೆ ಅಂದ್ರೆ... ಹೊಟ್ಟೆ ಅಡ್ಡ ಬರತ್ತೆ, ಬಕಲ್ ಕಾಣಲ್ಲ. ಎಲ್ರೂ ಉಂಡು ಮುಗಿಸೋ ಹೊತ್ಗೆ ನಾನಿನ್ನೂ ಗೋಡೆ ಮುಂದೆ ನಿಂತಿರ್ತೀನಿ. ಹಿಂದೆ ನಗ್ತಾರೆ. ಬೇಜಾರಾಗತ್ತಕ್ಕ."

"ಇದನ್ನ ನಂಗ್ಯಾಕೆ ಹೇಳ್ತೀಯಾ? ಸೀಟಿಗೆ ಹೇಳು. ಹಾಜರಿ ಹೊತ್ಗೆ, ಎಲ್ರಿಗೂ ಕೇಳೋ ಹಾಗೆ. ಬೆಲ್ಟು ಬಿಚ್ಚೋಕೆ ನಂಗೂ ನಾಚಿಕೆ ಆಗತ್ತೆ, ಅವಳನ್ನ ಎಬ್ಬಿಸಿದ್ದು ತಪ್ಪು ಅಂತ ಹೇಳು. ಆ ಸಂಜೇನೇ ಬಾ, ಮಾಡ್ಕೊಡ್ತೀನಿ."

"ದುಡ್ಡು ಎಷ್ಟಾದ್ರೂ ಕೊಡ್ತೀನಿ."

"ದುಡ್ಡು ನಿನ್ ಹತ್ರಾನೇ ಇಟ್ಕೋ."

ಗುಡಾಣ ಗೋಂದಿನ ಡಬ್ಬ ಮರೆತು ಹೋದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ ಬಂದರು. ಎಲ್ಲರಿಗೂ ಅದೇ ಉತ್ತರ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಬೇಕು ಎಂಬಲ್ಲಿ ಎಲ್ಲ ಇಲಿಗಳದೂ ಒಂದೇ ಅಭಿಪ್ರಾಯ. ಕಟ್ಟುವವರು ಯಾರು ಎಂದರೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತಿತ್ತು.

ಒಂದು ಸಂಜೆ ಅಣ್ಣ ಕಾಲು ತೊಳೆದು ಬಂದು, ಚಾಪೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಕೇಳಿದ: "ಅವ್ರಿಗೆಲ್ಲ ಬಿಡು. ನಂಗೊಂದು ಮಾಡ್ಕೊಡ್ಬಾರ್ದಾ? ನಾನು ನಿನ್ನ ಗಂಡ."

"ಗಂಡ ಅಂತ್ಲೇ ಕಾಯ್ತಿದ್ದೀನಿ," ಎಂದಳು ಅತ್ತಿಗೆ. "ಬೇರೆಯವ್ರು ಬಾಯಿ ಮುಚ್ಕೊಂಡಿದ್ದು ನಂಗೆ ಲೆಕ್ಕಕ್ಕಿಲ್ಲ. ನನ್ನನ್ನ ಎಬ್ಬಿಸ್ದಾಗ ನೀವು ಬಗ್ಗಿ ಲೇಸು ಕಟ್ತಿದ್ರಿ. ಲೇಸು ಬಿಚ್ಚಿರ್ಲಿಲ್ಲ ರೀ. ನಾನು ನೋಡಿದೆ."

ಅಣ್ಣ ಚಾಪೆಯ ಅಂಚಿನ ಎಳೆ ಕೀಳತೊಡಗಿದ. ಅಮ್ಮ ಒಳಗೆ ಪಾತ್ರೆ ಜೋಡಿಸುವುದನ್ನು ನಿಲ್ಲಿಸಿದರು. ಅವನು ಕೆಟ್ಟವನಲ್ಲ, ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ನನಗೆ ಅವನೆಂದರೆ ಪ್ರಾಣ. ಆದರೂ ಆ ಸಂಜೆ ಅವನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಬಾಯಿ ಬಿಟ್ಟವನು ತಾತ. ಒಂದು ಬೆಳಗ್ಗೆ ಹಾಜರಿ ಮುಗಿದು ಸೀಟಿ ಊದುವ ಮೊದಲೇ ಕೈ ಎತ್ತಿದ. "ಸಾರ್, ನಾನು ಮೊಮ್ಮಕ್ಕಳಿರೋನು. ದಿನಾ ಎಲ್ರ ಮುಂದೆ ಪ್ಯಾಂಟು ಹಿಡ್ಕೊಂಡು ನಿಲ್ತೀನಿ. ನಂಗೆ ನಾಚಿಕೆ ಆಗತ್ತೆ. ಆ ಹುಡುಗಿ ಮಾಡಿರೋ ಒರೆ ಸರಿಯಾಗಿದೆ. ಅವಳನ್ನ ಎಬ್ಬಿಸಿದ್ದು ತಪ್ಪು."

ಗುಡಾಣ ಹೊಟ್ಟೆ ಒಳಗೆಳೆದುಕೊಂಡು, "ನಂಗೂ ನಾಚಿಕೆ ಆಗತ್ತೆ ಸಾರ್. ಎಬ್ಬಿಸಿದ್ದು ತಪ್ಪು," ಎಂದ. ಅವನ ಪಕ್ಕದವನು ಅದನ್ನೇ ಹೇಳಿದ. ಅವನ ಆಚೆಯವನೂ. ಮೇಜಿನ ಸುತ್ತ ಒಬ್ಬೊಬ್ಬರೇ, ತಲೆ ತಗ್ಗಿಸಿಕೊಂಡಾದರೂ, ಹೇಳುತ್ತಾ ಬಂದರು. ಅತ್ತಿಗೆಯ ಜಾಗದಲ್ಲಿದ್ದ ಭಾಮೈದನ ಸರದಿ ಬಂತು. ಅವನು ಅಷ್ಟರಲ್ಲಿ ಕೋಟುಗಳ ತೋಳು ಕೊಯ್ದು ಕೊಯ್ದು ಸುಸ್ತಾಗಿದ್ದ.

"ನಂಗೂ ಅಂಥ ಒರೆ ಬೇಕು ಭಾವ," ಎಂದ.

ಆ 'ಭಾವ' ಎಂಬ ಮಾತಿಗೆ ಲೇಬಲ್ ಸಾಲಿನ ಹೆಂಗಸರು ಘೊಳ್ಳೆಂದು ನಕ್ಕರು. ನಾನೇ ಮೊದಲು ನಕ್ಕದ್ದು, ಬೇಕೆಂದೇ ನಕ್ಕೆ. ಊದುವ ಸೀಟಿ ಅವನ ಬಾಯಲ್ಲೇ ಇದ್ದರೂ ಸದ್ದು ಹೊರಡಲಿಲ್ಲ. ಅತ್ತಿಗೆ ಗೋಂದಿನ ಕೈ ಒರೆಸಿಕೊಂಡಳು, ಹಲಗೆಯಿಂದ ತನ್ನ ಚಾಕು ತೆಗೆದು ಒರೆಗೆ ಸೇರಿಸಿದಳು, ನೆಟ್ಟಗೆ ನಡೆದು ಮೇಜಿನ ಹತ್ತಿರ ನಿಂತಳು. ಭಾಮೈದ ತಾನಾಗಿಯೇ ಸರಿದ. ಮೂಟೆ ಬಂತು, ಅವಳು ಹೊಲಿಗೆಗೆ ಚಾಕು ಇಟ್ಟಳು. ಯಾರೂ ಅವಳನ್ನು ತಡೆಯಲಿಲ್ಲ.

ಆ ಸಾಲಿನಲ್ಲಿ ಒಬ್ಬ ಮಾತ್ರ ಏನೂ ಹೇಳಿರಲಿಲ್ಲ. ಭಾಮೈದನ ಆಚೆ ನಿಂತಿದ್ದ ನಮ್ಮಣ್ಣ. ನಗು ಎದ್ದು ಸರದಿ ಕಲಸಿಹೋಯಿತು, ಅವನು ಅದರಲ್ಲಿ ನುಸುಳಿಕೊಂಡ. ಬೀಸುವ ದೊಣ್ಣೆ ಈ ಸಲವೂ ತಪ್ಪಿತು.

ಅತ್ತಿಗೆ ಎಲ್ಲರಿಗೂ ಒರೆಯ ಪಟ್ಟಿ ಮಾಡಿಕೊಟ್ಟಳು, ಭಾಮೈದನಿಗೂ. ಅವನು ಲಾರಿಯಿಂದ ಮೂಟೆ ಇಳಿಸುತ್ತಾನೆ ಈಗ, ಹಗ್ಗ ಕೊಯ್ಯಲು ಅವನಿಗೂ ಚಾಕು ಬೇಕು. ಊಟದ ಗಂಟೆ ಹೊಡೆದರೆ ಟಿಕ್ ಟಿಕ್ ಟಿಕ್ ಎನ್ನುತ್ತದೆ, ಹಲಗೆ ತುಂಬುತ್ತದೆ, ಜನ ಊಟದ ಕೋಣೆಗೆ ನುಗ್ಗುತ್ತಾರೆ. ಅಣ್ಣನಿಗೆ ಮಾತ್ರ ಮಾಡಿಕೊಡಲಿಲ್ಲ. ಅಮ್ಮ ಒಂದು ದಿನ, "ಪಾಪ ಕಣೇ, ಎಷ್ಟಂದ್ರೂ ಗಂಡ," ಎಂದು ರಾಗ ಎಳೆದರು.

"ಅವ್ರದೂ ಕತ್ತರಿಸಿ ಇಟ್ಟಿದ್ದೀನಿ ಅತ್ತೆ. ಬಟನ್ನೂ ಇದೆ, ತಿರುಪೂ ಇದೆ. ಅವ್ರು ಕೇಳ್ಬೇಕಾಗಿರೋದು ನನ್ನನ್ನಲ್ಲ," ಎಂದಳು ಅತ್ತಿಗೆ.

ಮೊನ್ನೆ ಹಾಜರಿ ಹೊತ್ತಿಗೆ ಅಣ್ಣ ಕೈ ಎತ್ತಿದ. ನನ್ನ ಕೈಯಲ್ಲಿದ್ದ ಚೀಟಿ ಕೈಯಲ್ಲೇ ಉಳಿಯಿತು. "ಏನಯ್ಯಾ?" ಎಂದ ಸೀಟಿ. ಅಣ್ಣ ಬಾಯಿ ತೆರೆದ, ಅತ್ತಿಗೆಯ ಕಡೆ ನೋಡಿದ, ಅವಳು ಮೂಟೆಯಿಂದ ಕಣ್ಣೆತ್ತಲಿಲ್ಲ.

"ಏನಿಲ್ಲ ಸಾರ್," ಎಂದ.

ಮಧ್ಯಾಹ್ನ ಗಂಟೆ ಹೊಡೆಯಿತು. ಎಲ್ಲರೂ ಟಿಕ್ ಎನಿಸಿ ಹೊರಟುಹೋದ ಮೇಲೆ ಅಷ್ಟುದ್ದದ ಗೋಡೆಯ ಮುಂದೆ ಅಣ್ಣ ಒಬ್ಬನೇ ಬೆನ್ನು ತಿರುಗಿಸಿ ನಿಂತಿದ್ದ. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಬೆಲ್ಟು. ಅತ್ತಿಗೆ ತನ್ನ ಒರೆ ಕಳಚಿ ಮೊಳೆಗೆ ಹಾಕಿದಳು. ಅವಳು ಊಟಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಇಬ್ಬರ ಊಟದ ಡಬ್ಬವನ್ನೂ ಕೈಯಲ್ಲಿ ಹಿಡಿದು, ಅವನ ಬೆನ್ನಿಗೆ ಬೆನ್ನು ಮಾಡಿ, ಅವನು ಬೆಲ್ಟು ಕಟ್ಟಿ ಮುಗಿಸುವ ತನಕ ಬಾಗಿಲಿಗೆ ಅಡ್ಡವಾಗಿ ನಿಂತಳು.